ಹಳೆಯ ಮೋಟಾರ್‌ಸೈಕಲ್ಲಿಗೆ ಹೊಸ ಟೈರ್: ಮೂರು ಜೋಡಿಗಳ ಹೋಲಿಕೆ

ಏಳು ವರ್ಷಗಳ ಅವಧಿಯಲ್ಲಿ ಒಂದೇ ಮೋಟಾರ್‌ಸೈಕಲ್ಲಿಗೆ ಮೂರು ಬಗೆಯ ಟೈರ್ ಜೋಡಿಗಳನ್ನು ಹಾಕಿಸಿ, ಮಳೆಯಲ್ಲೂ ಬಿಸಿಲಿನಲ್ಲೂ ಓಡಿಸಿದ್ದೇನೆ. ಗಾಡಿ 1980ರ ದಶಕದ ಆರಂಭದ್ದು, ಎರಡು ಸಿಲಿಂಡರಿನದು, ಸ್ಪೋಕ್ ಚಕ್ರಗಳದು. ಕಾರ್ಖಾನೆಯಿಂದ ಬಂದಾಗ ಅದರ ಮುಂದಿನ ಟೈರಿನ ಅಳತೆ 3.25-19, ಹಿಂದಿನದು 4.00-18 ಇತ್ತು; ಮೊದಲ ಸಂಖ್ಯೆ ಟೈರಿನ ಅಗಲ, ಎರಡನೆಯದು ರಿಮ್ಮಿನ ವ್ಯಾಸ, ಎರಡೂ ಇಂಚಿನಲ್ಲಿ. ಇಂತಹ ಗಾಡಿಗೆ ಟೈರ್ ಹುಡುಕುವವರ ಮುಂದೆ ಸಾಮಾನ್ಯವಾಗಿ ಮೂರು ದಾರಿಗಳಿರುತ್ತವೆ: ಹಳೆಯ ಅಳತೆಯಲ್ಲಿ ಹಳೆಯ ವಿನ್ಯಾಸದ ಟೈರ್, ಹಳೆಯ ಅಳತೆಗೆ ಸಮನಾದ ಮಿಲಿಮೀಟರ್ ಅಳತೆಯಲ್ಲಿ ಹೊಸ ರಬ್ಬರಿನ ಟೈರ್, ಅಥವಾ ರಿಮ್ಮಿಗೆ ಹೇಗೋ ಕೂರುವಷ್ಟು ಅಗಲವಾದ ಟೈರ್. ಈ ಮೂರನ್ನೂ ಬಳಸಿ ನೋಡಿದ ಮೇಲೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಅಳತೆಯಲ್ಲಿ ಹಳೆಯದಕ್ಕೆ ನಿಷ್ಠವಾಗಿರಬೇಕು, ರಬ್ಬರಿನಲ್ಲಿ ಹೊಸದನ್ನು ಆರಿಸಬೇಕು.

ಗಾಡಿ ಕೈಗೆ ಬಂದಾಗ ಅದರಲ್ಲಿದ್ದ ಟೈರ್‌ಗಳ ಗೀರುಗಳು ಆಳವಾಗಿಯೇ ಇದ್ದವು. ಅದನ್ನು ನೋಡಿ ಇನ್ನೂ ಒಂದೆರಡು ವರ್ಷ ಓಡಿಸಬಹುದೆಂದು ನಾನು ನಂಬಿದ್ದೆ. ಒಂದು ಸಂಜೆ ಒದ್ದೆ ರಸ್ತೆಯ ಬಿಳಿ ಪಟ್ಟೆಯ ಮೇಲೆ ಹಿಂದಿನ ಚಕ್ರ ಪಕ್ಕಕ್ಕೆ ಜಾರಿದಾಗ ಮಾತ್ರ ಟೈರನ್ನು ಹತ್ತಿರದಿಂದ ನೋಡಿದೆ. ಹೆಬ್ಬೆರಳಿನ ಉಗುರನ್ನು ಒತ್ತಿದರೆ ರಬ್ಬರಿನ ಮೇಲೆ ಗುರುತೇ ಮೂಡಲಿಲ್ಲ. ಗೀರುಗಳ ಬುಡದಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕುಗಳು ಸಾಲಾಗಿ ಎದ್ದಿದ್ದವು. ಟೈರಿನ ಪಕ್ಕದಲ್ಲಿ ಅಚ್ಚಾಗಿದ್ದ ತಯಾರಿಕೆಯ ಸಂಖ್ಯೆಯಲ್ಲಿ ಮೂರೇ ಅಂಕಿಗಳಿದ್ದವು. 2000ದಿಂದ ಈಚಿನ ಟೈರ್‌ಗಳಲ್ಲಿ ಈ ಸಂಖ್ಯೆಗೆ ನಾಲ್ಕು ಅಂಕಿಗಳಿರುತ್ತವೆ, ಮೊದಲ ಎರಡು ವಾರವನ್ನೂ ಕೊನೆಯ ಎರಡು ವರ್ಷವನ್ನೂ ಹೇಳುತ್ತವೆ. ಮೂರು ಅಂಕಿಗಳೆಂದರೆ ಆ ಟೈರ್ ಅದಕ್ಕೂ ಹಿಂದಿನದು. ನಿಂತಲ್ಲೇ ನಿಂತ ಗಾಡಿಯ ಟೈರ್ ಸವೆಯುವುದಿಲ್ಲ, ಆದರೆ ಬಿಸಿಲು, ಶಾಖ ಮತ್ತು ಗಾಳಿಯಲ್ಲಿನ ಓಝೋನಿಗೆ ರಬ್ಬರ್ ಗಟ್ಟಿಯಾಗುತ್ತಲೇ ಹೋಗುತ್ತದೆ. ಆದ್ದರಿಂದ ಹಳೆಯ ಗಾಡಿಯಲ್ಲಿ ಗೀರಿನ ಆಳಕ್ಕಿಂತ ಮೊದಲು ಆ ಸಂಖ್ಯೆಯನ್ನು ಓದಬೇಕು. ಹೊಸದೆಂದು ಕೊಳ್ಳುವ ಟೈರಿನಲ್ಲಿಯೂ ಅದನ್ನು ನೋಡದೆ ಒಪ್ಪಿಕೊಳ್ಳಬಾರದು, ಏಕೆಂದರೆ ಹೆಚ್ಚು ಮಾರಾಟವಾಗದ ಅಳತೆಗಳು ಗೋದಾಮಿನಲ್ಲಿ ಬಹುಕಾಲ ಉಳಿದಿರುವ ಸಾಧ್ಯತೆ ಇದೆ.

ಮೊದಲು ಹಾಕಿಸಿದ ಜೋಡಿ ಕಾರ್ಖಾನೆಯ ಅಳತೆಯದೇ ಆಗಿತ್ತು. ಮುಂದಿನ ಟೈರಿನಲ್ಲಿ ಉದ್ದಕ್ಕೆ ಓಡುವ ಗೀರುಗಳು, ಹಿಂದಿನದರಲ್ಲಿ ಚೌಕಾಕಾರದ ತುಂಡುಗಳು. ಗಾಡಿಯ ರೂಪಕ್ಕೆ ಇದಕ್ಕಿಂತ ಒಪ್ಪುವ ಟೈರ್ ಬೇರೊಂದಿಲ್ಲ. ಹ್ಯಾಂಡಲ್ ಹಗುರವಾಗಿತ್ತು, ಗಾಡಿ ತಿರುವಿಗೆ ಸಲೀಸಾಗಿ ವಾಲುತ್ತಿತ್ತು. ಒಣ ರಸ್ತೆಯಲ್ಲಿ ಸಮಾಧಾನದ ವೇಗದಲ್ಲಿ ಹೋಗುವವರಿಗೆ ಇದರಲ್ಲಿ ಕೊರತೆಯೇನೂ ಕಾಣುವುದಿಲ್ಲ, ಸವೆತವಂತೂ ಬಹಳ ನಿಧಾನ. ಆದರೆ ಆ ನಿಧಾನದ ಸವೆತಕ್ಕೆ ಕಾರಣವಾದ ಗಟ್ಟಿ ರಬ್ಬರೇ ಮಳೆಗಾಲದಲ್ಲಿ ನನಗೆ ತೊಂದರೆಯಾಯಿತು. ಒದ್ದೆ ರಸ್ತೆಯಲ್ಲಿ ಮುಂದಿನ ಬ್ರೇಕನ್ನು ಸ್ವಲ್ಪ ಬಿಗಿಯಾಗಿ ಹಿಡಿದರೆ ಚಕ್ರ ಲಾಕ್ ಆಗುವ ಹಂತಕ್ಕೆ ಬೇಗ ತಲುಪುತ್ತಿತ್ತು. ಉದ್ದಕ್ಕೆ ಗೆರೆ ಕೊರೆದ ಕಾಂಕ್ರೀಟ್ ರಸ್ತೆಯಲ್ಲಿ ಟೈರಿನ ಗೀರುಗಳು ಆ ಗೆರೆಗಳನ್ನೇ ಹಿಡಿದು ಹೋಗುವುದರಿಂದ ಹ್ಯಾಂಡಲ್ ತಾನಾಗಿಯೇ ಎಡಬಲಕ್ಕೆ ತುಯ್ಯುತ್ತಿತ್ತು. ಹಳೆಯ ವಿನ್ಯಾಸವೆಂದರೆ ಎಲ್ಲವೂ ಹೀಗೆಯೇ ಎಂದು ತಿಳಿಯಬಾರದು. ಡನ್ಲಪ್ ಕಂಪನಿಯ ಕೆ81 ಟೈರಿಗೆ ಟಿಟಿ100 ಎಂಬ ಹೆಸರು ಬಂದದ್ದು 1969ರಲ್ಲಿ, ಐಲ್ ಆಫ್ ಮ್ಯಾನ್ ದ್ವೀಪದ ರಸ್ತೆಗಳಲ್ಲಿ ನಡೆಯುವ ಟಿಟಿ ಮೋಟಾರ್‌ಸೈಕಲ್ ಸ್ಪರ್ಧೆಯ ಪ್ರೊಡಕ್ಷನ್ ರೇಸಿನಲ್ಲಿ (ಮಾರಾಟದ ಮಾದರಿಯ ಗಾಡಿಗಳ ರೇಸ್) ಮಾಲ್ಕಮ್ ಅಪ್‌ಹಿಲ್ ಅದೇ ಟೈರ್‌ಗಳಿದ್ದ ಟ್ರಯಂಫ್ ಬಾನ್ವಿಲ್ ಗಾಡಿಯಲ್ಲಿ ಗಂಟೆಗೆ 100 ಮೈಲಿಗೂ ಮೀರಿದ ಸರಾಸರಿ ವೇಗದಲ್ಲಿ ಒಂದು ಸುತ್ತು ಮುಗಿಸಿದ ಮೇಲೆ. ನೋಡಲು ಹಳೆಯದಾಗಿದ್ದರೂ ವಾಲಿದಾಗಿನ ಹಿಡಿತಕ್ಕೆಂದೇ ರೂಪಿಸಿದ ಟೈರ್‌ಗಳು ಆ ಕಾಲದಲ್ಲಿಯೂ ಇದ್ದವು.

ಮಳೆಯ ಅನುಭವದಿಂದ ಬೇಸತ್ತು ಎರಡನೆಯ ಬಾರಿ ಅಗಲವಾದ ಜೋಡಿಯ ಕಡೆಗೆ ವಾಲಿದೆ: ಮುಂದೆ 100/90-19, ಹಿಂದೆ 130/80-18. ಇಲ್ಲಿ ಮೊದಲ ಸಂಖ್ಯೆ ಮಿಲಿಮೀಟರಿನಲ್ಲಿ ಅಗಲ, ಎರಡನೆಯದು ಆ ಅಗಲದ ಶೇಕಡಾವಾರು ಲೆಕ್ಕದಲ್ಲಿ ಟೈರಿನ ಎತ್ತರ, ಕೊನೆಯದು ಇಂಚಿನಲ್ಲಿ ರಿಮ್ಮಿನ ವ್ಯಾಸ. ರಬ್ಬರ್ ಹೆಚ್ಚಾದರೆ ಹಿಡಿತವೂ ಹೆಚ್ಚುತ್ತದೆ ಎಂಬ ಮಾತನ್ನು ನಾನು ಪರೀಕ್ಷಿಸದೆ ನಂಬಿದ್ದೆ. ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಿದಾಗ ಎಲ್ಲಿಯೂ ತಾಗುತ್ತಿರಲಿಲ್ಲ. ಆದರೆ ಇಬ್ಬರು ಕುಳಿತು ಉಬ್ಬುತಗ್ಗು ದಾಟಿದ ಮೊದಲ ದಿನವೇ ಚೈನ್ ಗಾರ್ಡಿನ ಒಳಭಾಗದಿಂದ ಸರ್ ಎಂದು ಉಜ್ಜುವ ಸದ್ದು ಬಂತು. ನಿಲ್ಲಿಸಿ ಬೆರಳಾಡಿಸಿದರೆ ಕಪ್ಪು ರಬ್ಬರ್ ಪುಡಿ ಅಂಟಿಕೊಂಡಿತು, ಟೈರಿನ ಎಡ ಅಂಚಿನಲ್ಲಿ ಹೊಳೆಯುವ ಒಂದು ಪಟ್ಟೆ ಮೂಡಿತ್ತು. ಕಾರ್ಖಾನೆಯ 4.00ಕ್ಕೆ ಸಮನಾದ 110ರ ಟೈರಿಗಿಂತ 20 ಮಿಲಿಮೀಟರ್ ಅಗಲ ಎಂದರೆ ಪ್ರತಿ ಬದಿಗೂ 10 ಮಿಲಿಮೀಟರ್. ಹಳೆಯ ಗಾಡಿಯ ಸ್ವಿಂಗ್‌ಆರ್ಮಿನ, ಅಂದರೆ ಹಿಂದಿನ ಚಕ್ರವನ್ನು ಎರಡೂ ಬದಿಯಿಂದ ಹಿಡಿದಿರುವ ತೋಳುಗಳ, ನಡುವೆ ಅಷ್ಟು ಜಾಗವನ್ನು ಯಾರೂ ಬಿಟ್ಟಿರುವುದಿಲ್ಲ.

ಉಜ್ಜುವ ತೊಂದರೆಯನ್ನು ಗಾರ್ಡ್ ಸರಿಸಿ ತಪ್ಪಿಸಿದರೂ ಓಟದ ಗುಣ ಸುಧಾರಿಸಲಿಲ್ಲ, ಏಕೆಂದರೆ ದೋಷ ಇದ್ದದ್ದು ರಿಮ್ಮಿಗೂ ಟೈರಿಗೂ ಹೊಂದದ ಅಗಲದಲ್ಲಿ. ನನ್ನ ಹಿಂದಿನ ರಿಮ್ಮಿನ ಅಗಲ 2.15 ಇಂಚು, 130ರ ಟೈರ್ ಅದಕ್ಕಿಂತ ಅಗಲವಾದ ರಿಮ್ಮಿಗೆಂದು ತಯಾರಾದದ್ದು. ಕಿರಿದಾದ ರಿಮ್ಮಿನಲ್ಲಿ ಅದರ ಎರಡು ಅಂಚುಗಳೂ ಒಳಕ್ಕೆ ಅದುಮಿಕೊಂಡು ಮೇಲ್ಭಾಗ ಚೂಪಾಗಿ ಉಬ್ಬುತ್ತದೆ. ಟೈರಿಗೆ ಅಡ್ಡಲಾಗಿ ಸೀಮೆಸುಣ್ಣದ ಗೆರೆ ಎಳೆದು ನೇರ ರಸ್ತೆಯಲ್ಲಿ ಸ್ವಲ್ಪ ದೂರ ಓಡಿಸಿದಾಗ ಇದು ಕಣ್ಣಿಗೇ ಕಂಡಿತು: ನಡುವಿನಲ್ಲಿ ಎರಡು ಬೆರಳಗಲ ಮಾತ್ರ ಅಳಿಸಿತ್ತು, ಉಳಿದ ಸುಣ್ಣ ಹಾಗೆಯೇ ಇತ್ತು. ಹೆಚ್ಚು ರಬ್ಬರಿಗೆ ಹಣ ಕೊಟ್ಟು, ನೆಲಕ್ಕೆ ತಾಗುವ ರಬ್ಬರನ್ನು ನಾನೇ ಕಡಿಮೆ ಮಾಡಿಕೊಂಡಿದ್ದೆ. ಮುಂದಿನ 100/90 ಟೈರಿನಲ್ಲಿ ರಿಮ್ಮಿನಿಂದ ಮೇಲಿನ ಎತ್ತರ 90 ಮಿಲಿಮೀಟರ್, ಕಾರ್ಖಾನೆಯ 3.25ಕ್ಕೆ ಸಮನಾದ 90/90ರಲ್ಲಿ 81. ಹಾಗಾಗಿ ಚಕ್ರದ ಒಟ್ಟು ವ್ಯಾಸ 18 ಮಿಲಿಮೀಟರ್ ಹೆಚ್ಚಾಗಿ, ಹ್ಯಾಂಡಲ್ ಭಾರವಾಯಿತು, ಮುಂದಿನ ಚಕ್ರದಿಂದ ಓಡುವ ಸ್ಪೀಡೋಮೀಟರ್ ಮೊದಲಿಗಿಂತ ಕಡಿಮೆ ವೇಗ ತೋರಿಸತೊಡಗಿತು. ತಿರುವಿನಲ್ಲಿ ಗಾಡಿ ಮೊದಲು ವಾಲಲು ಹಟ ಮಾಡಿ, ಆಮೇಲೆ ಒಮ್ಮೆಲೇ ಬೀಳುವಂತೆ ವಾಲುತ್ತಿತ್ತು. ಐದು ತಿಂಗಳಿಗೇ ಆ ಜೋಡಿಯನ್ನು ಬಿಚ್ಚಿಸಿದೆ.

ಈಗಿರುವ ಮೂರನೆಯ ಜೋಡಿ 90/90-19 ಮತ್ತು 110/90-18. 3.25 ಮತ್ತು 4.00 ಇಂಚಿನ ಅಳತೆಗಳಿಗೆ ಇವು ಹತ್ತಿರದ ಸಮಾನ ಅಳತೆಗಳು. ಒಳಗಿನ ರಚನೆಯೂ ಹಳೆಯ ಗಾಡಿಗೆ ಒಪ್ಪುವಂತಹ ಬಯಾಸ್ ಪ್ಲೈ, ಅಂದರೆ ನೂಲಿನ ಪದರಗಳು ಒಂದರ ಮೇಲೊಂದು ಓರೆಯಾಗಿ ಹಾದಿರುವಂಥದು. ಬದಲಾಗಿರುವುದು ರಬ್ಬರಿನ ಮಿಶ್ರಣ. ಬ್ರಿಜ್‌ಸ್ಟೋನಿನ ಬ್ಯಾಟ್ಲಾಕ್ಸ್ ಬಿಟಿ-46ರಂತಹ ಟೈರ್‌ಗಳಲ್ಲಿ ಹಿಂದಿನ ಚಕ್ರಕ್ಕೆ ನಡುವೆ ಒಂದು ಬಗೆಯ ರಬ್ಬರನ್ನೂ ಅಂಚುಗಳಿಗೆ ಇನ್ನೊಂದು ಬಗೆಯದನ್ನೂ ಬಳಸುತ್ತಾರೆ. ಒದ್ದೆಯಲ್ಲಿ ಹಿಡಿತ ಉಳಿಯಲೆಂದು ಸಿಲಿಕಾ ಎಂಬ ಖನಿಜದ ನುಣ್ಣನೆಯ ಪುಡಿಯನ್ನು ಬೆರೆಸುತ್ತಾರೆ. ಮೊದಲ ಮಳೆಯಲ್ಲಿ ಒದ್ದೆ ಇಳಿಜಾರೊಂದರಲ್ಲಿ ಮುಂದಿನ ಬ್ರೇಕನ್ನು ಅಷ್ಟೇ ಬಿಗಿಯಾಗಿ ಹಿಡಿದಾಗ ಗಾಡಿ ನೇರವಾಗಿ ನಿಂತ ರೀತಿಯನ್ನು ನಾನು ಮರೆತಿಲ್ಲ. ಹ್ಯಾಂಡಲ್ ಮೊದಲ ಜೋಡಿಯಷ್ಟೇ ಹಗುರವಾಗಿದೆ, ಗೆರೆ ಕೊರೆದ ರಸ್ತೆಯಲ್ಲಿ ತುಯ್ತ ಬಹುಮಟ್ಟಿಗೆ ಇಲ್ಲವಾಗಿದೆ. ಸವೆತ ಮಾತ್ರ ಮೊದಲ ಜೋಡಿಗಿಂತ ಬೇಗ. ಇದನ್ನು ನಾನು ದೋಷವೆಂದು ಎಣಿಸುವುದಿಲ್ಲ, ಏಕೆಂದರೆ ವರ್ಷಕ್ಕೆ ಸ್ವಲ್ಪವೇ ಓಡುವ ಹಳೆಯ ಗಾಡಿಯಲ್ಲಿ ಗಟ್ಟಿ ಟೈರ್ ಸವೆಯುವ ಮುನ್ನವೇ ಮುದಿಯಾಗುತ್ತದೆ.

ಆರಿಸುವಾಗ ಅಳತೆಯ ಪಕ್ಕದ ಸಂಖ್ಯೆಯನ್ನೂ ಅಕ್ಷರವನ್ನೂ ಓದಬೇಕು. 54 ಎಂಬ ಸಂಖ್ಯೆ ಒಂದು ಟೈರ್ 212 ಕಿಲೋ ಹೊರಬಲ್ಲದೆಂದೂ, ಎಸ್ ಅಕ್ಷರ ಗಂಟೆಗೆ 180 ಕಿಲೋಮೀಟರ್, ಎಚ್ ಅಕ್ಷರ 210 ಕಿಲೋಮೀಟರ್ ವೇಗಕ್ಕೆ ತಕ್ಕದ್ದೆಂದೂ ಹೇಳುತ್ತವೆ. ಗಾಡಿಯ ಕೈಪಿಡಿಯಲ್ಲಿರುವುದಕ್ಕಿಂತ ಇವು ಕಡಿಮೆಯಿರಬಾರದು. ರೇಡಿಯಲ್ ಟೈರನ್ನು, ಅಂದರೆ ನೂಲುಗಳು ಓರೆಯಾಗದೆ ಒಂದು ಅಂಚಿನಿಂದ ಇನ್ನೊಂದಕ್ಕೆ ನೇರವಾಗಿ ಹಾದಿರುವ ಟೈರನ್ನು, ನಾನು ಬಳಸಿ ನೋಡಿಲ್ಲ. ಒಂದು ಚಕ್ರಕ್ಕೆ ರೇಡಿಯಲ್, ಇನ್ನೊಂದಕ್ಕೆ ಬಯಾಸ್ ಪ್ಲೈ ಹಾಕುವುದನ್ನು ಮಾತ್ರ ಖಂಡಿತ ಮಾಡಬಾರದು. ಸ್ಪೋಕ್ ಚಕ್ರಕ್ಕೆ ಟೈರಿನ ಜೊತೆಗೆ ಹೊಸ ಟ್ಯೂಬನ್ನೂ, ಸ್ಪೋಕ್ ತುದಿಗಳನ್ನು ಮುಚ್ಚುವ ಹೊಸ ರಿಮ್ ಟೇಪನ್ನೂ ಹಾಕಿಸುವುದು ಅಗತ್ಯ. ಹಳೆಯ ಟ್ಯೂಬ್ ಹಿಗ್ಗಿರುತ್ತದೆ, ಹೊಸ ಟೈರಿನೊಳಗೆ ಮಡಿಕೆ ಬಿದ್ದು ಅದೇ ಜಾಗದಲ್ಲಿ ಪಂಕ್ಚರ್ ಆಗುತ್ತದೆ.

ಟೈರ್ ಕೂತ ಮೇಲೆ ಅದರ ಪಕ್ಕದಲ್ಲಿರುವ ತೆಳು ಗೆರೆ ರಿಮ್ಮಿನ ಅಂಚಿನಿಂದ ಸುತ್ತಲೂ ಒಂದೇ ದೂರದಲ್ಲಿದೆಯೇ ಎಂದು ನೋಡುತ್ತೇನೆ. ಈ ಬಾರಿ ವಾಲ್ವಿನ ಹತ್ತಿರ ಗೆರೆ ಒಳಗೆ ಹೋಗಿತ್ತು. ಗಾಳಿ ಬಿಟ್ಟು, ಅಂಚಿಗೆ ಸಾಬೂನು ನೀರು ಹಚ್ಚಿ, ಮತ್ತೆ ತುಂಬಿಸಿದಾಗ ಟಪ್ ಎಂಬ ಸದ್ದಿನೊಂದಿಗೆ ಸರಿಯಾಗಿ ಕುಳಿತಿತು. ಮೊದಲ 150 ಕಿಲೋಮೀಟರ್ ಹೊಸ ರಬ್ಬರಿನ ನುಣುಪು ಹೋಗುವವರೆಗೆ ಹೆಚ್ಚು ವಾಲಿಸದೆ ಓಡಿಸಿದೆ. ಈಗ ಹಿಂದಿನ ಟೈರಿನ ನಡುಭಾಗ ಸವೆತದ ಗುರುತಿಗೆ ಹತ್ತಿರವಾಗುತ್ತಿದ್ದು, ಮುಂದಿನ ಬಾರಿಯೂ ಇದೇ ಅಳತೆಯ, ಇದೇ ಬಗೆಯ ಜೋಡಿಯನ್ನೇ ಹಾಕಿಸುತ್ತೇನೆ.