ಕಲ್ಯಾಣ ಮಂಟಪದಲ್ಲಿ ವೆಬ್ ಕಾನ್ಫರೆನ್ಸ್ ಮಾಡಿ ಕೈ ಸುಟ್ಟುಕೊಂಡ ಕಥೆ

ವೆಬ್ ಡಿಸೈನರ್‌ಗಳಿಗೂ ಡೆವಲಪರ್‌ಗಳಿಗೂ ಸೇರಿಸಿ ಒಂದು ಕಾನ್ಫರೆನ್ಸ್ ಮಾಡೋಣ ಅಂತ ನಿಮಗೂ ಹುರುಪು ಬಂದಿದ್ದರೆ, ಯಾರಿಗಾದರೂ ಅಡ್ವಾನ್ಸ್ ಕೊಡುವ ಮೊದಲು ಇದನ್ನು ಓದಿ. 2023ರಲ್ಲಿ ಬೆಂಗಳೂರಲ್ಲಿ ನಾವು ಮೂವರು ಗೆಳೆಯರು ಮಾಡಿದೆವು. ಮೂರು ಲಕ್ಷದ ಮೇಲೆ ಹೋಯಿತು. ಶುರು ಮಾಡುವಾಗ ಮೂವರಿದ್ದೆವು, ಬಾಕಿ ತೀರಿಸುವಾಗ ಇಬ್ಬರೇ.

ನಾವು ಟೆಕ್ ಜನರ ಕೂಟಗಳಾದ ಬಾರ್‌ಕ್ಯಾಂಪ್, ಜೆಎಸ್‌ಫೂ, ಮೆಟಾ ರಿಫ್ರೆಶ್‌ಗಳಲ್ಲಿ ಹಿಂದಿನ ಸಾಲಲ್ಲಿ ಕೂತು ಕಲಿತವರು. ಅಲ್ಲಿ ಎಲ್ಲ ಇಂಗ್ಲಿಷಲ್ಲೇ. ಅರ್ಧ ಮಾತುಗಳಾದರೂ ಕನ್ನಡದಲ್ಲಿರುವ ಒಂದು ದಿನ ಬೇಕು, ತುಮಕೂರು, ಹಾಸನ, ದಾವಣಗೆರೆ ಕಡೆಯ ಕಾಲೇಜು ಹುಡುಗರೂ ಬರಬೇಕು ಅಂತ ಆಸೆ ಇತ್ತು. ಆ ಆಸೆ ತಪ್ಪು ಅಂತ ಈಗಲೂ ನನಗೆ ಅನ್ನಿಸುವುದಿಲ್ಲ. ತಪ್ಪಿದ್ದು ಲೆಕ್ಕ.

ಮೊದಲು ಹಾಲ್ ವಿಷಯ. ಹೋಟೆಲ್‌ಗಳ ರೇಟು ಕೇಳಿ ತಲೆ ತಿರುಗಿತ್ತು. ಅಷ್ಟರಲ್ಲಿ ಒಂದು ಕಲ್ಯಾಣ ಮಂಟಪದವರು, ಸೆಪ್ಟೆಂಬರ್ 30ರ ಶನಿವಾರ ಖಾಲಿ ಇದೆ, 1.2 ಲಕ್ಷಕ್ಕೆ ಕೊಡ್ತೀವಿ ಎಂದರು. ಸೀಸನ್‌ನಲ್ಲಿ ಅದೇ ಜಾಗಕ್ಕೆ ಎರಡರಷ್ಟು. ಅಲ್ಲೇ ನಿಂತು 50 ಸಾವಿರ ಕಳಿಸಿದೆವು. ಇಷ್ಟು ಒಳ್ಳೆಯ ಹಾಲ್ ಶನಿವಾರ ಯಾಕೆ ಖಾಲಿ ಇದೆ ಅಂತ ಮೂವರಲ್ಲಿ ಒಬ್ಬರೂ ಕೇಳಲಿಲ್ಲ. ಮನೆಗೆ ಬಂದು ಹೇಳಿದರೆ ಅಮ್ಮ ಕ್ಯಾಲೆಂಡರ್ ಕಡೆ ನೋಡಿ, 'ಪಿತೃಪಕ್ಷ ಕಣೋ, ಆಗ ಯಾರು ಮದುವೆ ಮಾಡ್ತಾರೆ' ಎಂದರು. ಸರಿ, ನಾವೇನು ಮದುವೆ ಮಾಡ್ತಿಲ್ಲವಲ್ಲ ಅಂತ ನಕ್ಕುಬಿಟ್ಟೆ. ಅದೇ ಕ್ಯಾಲೆಂಡರಿನಲ್ಲಿ ಇನ್ನೊಂದು ವಿಷಯ ಇತ್ತು, ಅದನ್ನು ನಾನು ನೋಡಲೇ ಇಲ್ಲ. 28 ಗುರುವಾರ ಈದ್ ಮಿಲಾದ್, ಅಕ್ಟೋಬರ್ 2 ಸೋಮವಾರ ಗಾಂಧಿ ಜಯಂತಿ. ಶುಕ್ರವಾರ ಒಂದು ದಿನ ರಜೆ ಹಾಕಿದರೆ ಐದು ದಿನ. ನಮ್ಮ ಕಾನ್ಫರೆನ್ಸ್‌ಗೆ ಯಾರು ಬರಬೇಕಿತ್ತೋ ಅವರೇ ಆ ಐದು ದಿನಕ್ಕೆ ಚಿಕ್ಕಮಗಳೂರು, ಕೊಡಗು, ಗೋಕರ್ಣ ಅಂತ ಹೊರಟಿದ್ದರು. 27ರ ಬುಧವಾರ ಸಂಜೆ ಔಟರ್ ರಿಂಗ್ ರೋಡ್ ಹೇಗೆ ನಿಂತುಹೋಗಿತ್ತು ಅಂತ ಅವತ್ತು ಅಲ್ಲಿ ಸಿಕ್ಕಿಬಿದ್ದವರಿಗೆ ನೆನಪಿರುತ್ತೆ.

ಅದರ ಮೇಲೆ ಬಂದ್. ತಮಿಳುನಾಡಿಗೆ ಕಾವೇರಿ ನೀರು ಬಿಡುವ ವಿಚಾರಕ್ಕೆ 26ರಂದು ಬೆಂಗಳೂರು ಬಂದ್ ಆಗಿತ್ತು, 29ರ ಶುಕ್ರವಾರ ಕರ್ನಾಟಕ ಬಂದ್. ನಮ್ಮ ಸ್ಟೇಜು, ಸೌಂಡು, ಪ್ರೊಜೆಕ್ಟರ್ ಎಲ್ಲ ಜೋಡಿಸಬೇಕಿದ್ದದ್ದು ಅದೇ ಶುಕ್ರವಾರ. ಬಂದ್ ಮೇಲೆ ನನಗೆ ದೂರಿಲ್ಲ, ನೀರಿನ ವಿಷಯ ನಮ್ಮ ಕಾನ್ಫರೆನ್ಸ್‌ಗಿಂತ ದೊಡ್ಡದು. ಆದರೆ ಮುಂಗಾರು ಕೈಕೊಟ್ಟ ವರ್ಷ ಸೆಪ್ಟೆಂಬರ್‌ನಲ್ಲಿ ಕಾವೇರಿ ಗಲಾಟೆ ಆಗಬಹುದು ಅಂತ ಇಲ್ಲೇ ಹುಟ್ಟಿ ಬೆಳೆದವರಿಗೆ ಯಾರಾದರೂ ಹೇಳಿಕೊಡಬೇಕಾ? ಸಾಮಾನಿನ ಗಾಡಿ ಬಂದಾಗ ರಾತ್ರಿ ಹನ್ನೊಂದು. ಪುಣೆಯಿಂದ ಬರಬೇಕಿದ್ದ ಭಾಷಣಕಾರರ ವಿಮಾನ ರದ್ದಾಯಿತು. ಅವರು ಮನೆಯಿಂದಲೇ ವಿಡಿಯೋ ಕಾಲ್‌ನಲ್ಲಿ ಮಾತಾಡಿದರು, ನನ್ನ ಫೋನಿನ ಹಾಟ್‌ಸ್ಪಾಟ್ ಮೇಲೆ.

ಆ ಬುಧವಾರ ಕಾಮಿಡಿಯನ್ ಟ್ರೆವರ್ ನೋವಾ ಅವರ ಬೆಂಗಳೂರು ಶೋ, ಹಿಂದೆ ಕೂತವರಿಗೆ ಏನೂ ಕೇಳಿಸುತ್ತಿಲ್ಲ ಅಂತ ರದ್ದಾಗಿತ್ತಲ್ಲ, ಅದನ್ನು ಓದಿ ನಾವು ಗ್ರೂಪಿನಲ್ಲಿ ಜೋಕ್ ಮಾಡಿಕೊಂಡು ನಕ್ಕಿದ್ದೆವು. ಶನಿವಾರ ನಮ್ಮದೇ ಸರದಿ. ಕಲ್ಯಾಣ ಮಂಟಪ ಕಟ್ಟುವುದು ಓಲಗಕ್ಕೆ, ಮಾತಿಗಲ್ಲ. ಗ್ರಾನೈಟ್ ನೆಲ, ಎತ್ತರದ ಸೂರು, ಎಲ್ಲೂ ಒಂದು ಪರದೆ ಇಲ್ಲ, ಆಡಿದ ಮಾತು ಗೋಡೆಗೆ ಬಡಿದು ಎರಡು ಸಲ ವಾಪಸ್ ಬರುತ್ತಿತ್ತು. ನಾದಸ್ವರಕ್ಕೆ ಅದು ಸೊಗಸು, ವೆಬ್ ಪುಟದ ಭಾಗಗಳನ್ನು ಜೋಡಿಸುವ ಫ್ಲೆಕ್ಸ್‌ಬಾಕ್ಸ್ ಬಗ್ಗೆ ಮಾತಾಡುವವರಿಗೆ ನರಕ. ಬೆಳಕಿನ ಕಥೆ ಇನ್ನೂ ಚೆಂದ. ಎರಡೂ ಕಡೆ ದೊಡ್ಡ ಕಿಟಕಿ, ಕರ್ಟನ್ ಇಲ್ಲ. ಹತ್ತು ಗಂಟೆಯ ಬಿಸಿಲಿಗೆ ಪ್ರೊಜೆಕ್ಟರ್ ಮಬ್ಬಾಗಿ, ಕಪ್ಪು ಹಿನ್ನೆಲೆಯ ಕೋಡ್ ಸ್ಲೈಡುಗಳೆಲ್ಲ ಬೂದಿ ಬಣ್ಣದ ಚೌಕಗಳಾದವು. ಅದೇ ಹೊತ್ತಿಗೆ ಒಬ್ಬರು ಸ್ಟೇಜ್ ಮೇಲೆ, ದೃಷ್ಟಿ ಮಂದ ಇರುವವರಿಗೂ ಓದೋಕೆ ಆಗಬೇಕಾದರೆ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರಷ್ಟು ಕಾಂಟ್ರಾಸ್ಟ್ (ಬೆಳಕಿನ ವ್ಯತ್ಯಾಸ) ಇರಬೇಕು ಅಂತ ವಿವರಿಸುತ್ತಿದ್ದರು. ಆ ಸ್ಲೈಡೇ ಯಾರಿಗೂ ಕಾಣಲಿಲ್ಲ.

ಇದನ್ನು ತಮಾಷೆಯಾಗಿ ಹೇಳಬಹುದು. ಮುಂದಿನದನ್ನು ಹೇಳಲಾರೆ. ಅದೇ ಮಾತು ಕೇಳೋಕೆ ಅಂತ ವೀಲ್‌ಚೇರ್ ಬಳಸುವ ಒಬ್ಬರು ಟಿಕೆಟ್ ತೆಗೆದುಕೊಂಡಿದ್ದರು. ಹಾಲ್ ಇದ್ದದ್ದು ಮೊದಲ ಮಹಡಿಯಲ್ಲಿ. ನಾವು ನೋಡೋಕೆ ಹೋದ ದಿನ ಲಿಫ್ಟ್ ಇತ್ತು, ಓಡುತ್ತಾ ಅಂತ ನಾವು ಹತ್ತಿ ನೋಡಲಿಲ್ಲ. ಶನಿವಾರ ಬೆಳಿಗ್ಗೆ ಕೇಳಿದರೆ ಮ್ಯಾನೇಜರ್, 'ಅದು ರಿಪೇರಿ ಸರ್, ನಾಲ್ಕು ಹುಡುಗರು ಎತ್ಕೊಂಡು ಹೋಗ್ತಾರೆ ಬಿಡಿ' ಎಂದ. ಅವರು ಬೇಡ ಎಂದರು. ಆಟೊ ಹತ್ತಿಸಿ ಕಳಿಸುವಾಗ ನನ್ನನ್ನೇ ಸಮಾಧಾನ ಮಾಡಿದರು. ಹಾಲ್ ನೋಡೋಕೆ ಹೋದಾಗ ಲಿಫ್ಟ್ ಹತ್ತಿ ಇಳಿಯಿರಿ, ಶೌಚಾಲಯದ ಬಾಗಿಲ ಅಗಲ ಅಳೆಯಿರಿ, ಸ್ಟೇಜಿಗೆ ರ್‍ಯಾಂಪ್ ಇದೆಯಾ ಕೇಳಿ. ಕಾರ್ಯಕ್ರಮ ಯಾವ ಹೊತ್ತಿಗಿದೆಯೋ ಅದೇ ಹೊತ್ತಿಗೆ ಹೋಗಿ ನೋಡಿ. ನಾವು ಹೋದದ್ದು ಸಂಜೆ ಏಳಕ್ಕೆ, ಲೈಟು ಹಾಕಿ ತೋರಿಸಿದರು, ಎಲ್ಲ ಸೊಗಸಾಗೇ ಕಂಡಿತ್ತು.

ವೈಫೈ. ವೆಬ್ ಕಾನ್ಫರೆನ್ಸಿನಲ್ಲೇ ವೆಬ್ ಇಲ್ಲ ಅಂತ ಇವತ್ತಿಗೂ ಜನ ಆಡಿಕೊಳ್ಳುತ್ತಾರೆ. ಮಂಟಪದವರ ಕನೆಕ್ಷನ್ ನಂಬದೆ ನಾವು ಬೇರೆಯವರಿಂದ 200 ಎಂಬಿಪಿಎಸ್ ಲೈನ್ ಒಂದು ದಿನಕ್ಕೆ ಬಾಡಿಗೆಗೆ ತೆಗೆದುಕೊಂಡಿದ್ದೆವು. ಸ್ಪೀಡ್ ಸರಿಯಾಗೇ ಇತ್ತು. ಹನ್ನೊಂದರ ಹೊತ್ತಿಗೆ ಹೊಸದಾಗಿ ಯಾರಿಗೂ ಕನೆಕ್ಟ್ ಆಗಲಿಲ್ಲ. ಏನಾಗಿತ್ತು ಗೊತ್ತಾ? ಲೈನ್ ಬಾಡಿಗೆಗೆ ಕೊಟ್ಟವರು ತಂದಿಟ್ಟದ್ದು ಮನೆಗೆ ಹಾಕುವಂಥ ರೂಟರ್. ಅದರ ಮಾಮೂಲಿ ಸೆಟ್ಟಿಂಗ್‌ನಲ್ಲಿ ಹಂಚೋಕೆ ಇರುವ ಐಪಿ ವಿಳಾಸ (ನೆಟ್ಟಿಗೆ ಸೇರುವ ಪ್ರತಿ ಫೋನು, ಲ್ಯಾಪ್‌ಟಾಪಿಗೂ ಬೇಕಾದ ನಂಬರು) ಹೆಚ್ಚೆಂದರೆ 253. ಬಂದವರು 170 ಜನ, ಪ್ರತಿಯೊಬ್ಬರ ಹತ್ತಿರ ಒಂದು ಫೋನು, ಒಂದು ಲ್ಯಾಪ್‌ಟಾಪ್. ಅಲ್ಲಿಗೆ 340 ಆಯಿತು. ಒಮ್ಮೆ ಕೊಟ್ಟ ವಿಳಾಸ 24 ಗಂಟೆ ವಾಪಸ್ ಬರದ ಹಾಗೆ ಇಟ್ಟಿದ್ದರಿಂದ, ಟೀ ಕುಡಿದು ಮನೆಗೆ ಹೋದವರ ಹೆಸರಲ್ಲೂ ವಿಳಾಸ ಬುಕ್ ಆಗೇ ಇತ್ತು. ರೂಟರಿನ ಪಾಸ್‌ವರ್ಡ್ ಗೊತ್ತಿದ್ದವನು ಲೈನ್ ಹಾಕಿ ಹೋಗಿಬಿಟ್ಟಿದ್ದ, ಫೋನ್ ಎತ್ತಲಿಲ್ಲ. 1,000 ವಿಳಾಸ ಸಿಗುವ ಹಾಗೆ ಸಬ್‌ನೆಟ್ (ವಿಳಾಸಗಳ ವ್ಯಾಪ್ತಿ) ಅಗಲ ಮಾಡಿ, ಲೀಸ್ ಟೈಮ್ (ವಿಳಾಸ ಕಾದಿಡುವ ಅವಧಿ) ಒಂದು ಗಂಟೆಗೆ ಇಳಿಸಿದ್ದರೆ ವಿಳಾಸದ ತಾಪತ್ರಯ ಇರುತ್ತಿರಲಿಲ್ಲ, ಐದು ನಿಮಿಷದ ಕೆಲಸ. ಹಾಲ್ ತುಂಬ ಆ ಕೆಲಸ ಬರುವವರೇ ಕೂತಿದ್ದರು ಅನ್ನೋದು ಬೇರೆ ಮಾತು. ಮಧ್ಯಾಹ್ನದ ವರ್ಕ್‌ಶಾಪ್‌ನಲ್ಲಿ 50 ಜನ ಒಟ್ಟಿಗೆ, ಕೋಡ್ ಪ್ಯಾಕೇಜುಗಳನ್ನು ನೆಟ್ಟಿನಿಂದ ಇಳಿಸುವ ಎನ್‌ಪಿಎಂ ಇನ್‌ಸ್ಟಾಲ್ ಕೊಟ್ಟರು. ಆಮೇಲೆ ಏನಾಯಿತು ಅಂತ ಬರೆಯುವ ಅಗತ್ಯ ಇಲ್ಲ. ವರ್ಕ್‌ಶಾಪಿಗೆ ಬೇಕಾದದ್ದನ್ನೆಲ್ಲ ಹತ್ತು ಪೆನ್‌ಡ್ರೈವ್‌ಗೆ ಹಾಕಿಡಿ, ಇಲ್ಲದಿದ್ದರೆ ಒಂದು ಲ್ಯಾಪ್‌ಟಾಪಿನಲ್ಲಿ ವರ್ಡಾಚಿಯೊ ಅನ್ನೋ ಸಾಫ್ಟ್‌ವೇರ್ ಹಾಕಿ ಪ್ಯಾಕೇಜುಗಳನ್ನು ಅಲ್ಲಿಂದಲೇ ಕೊಡಿ.

ಬ್ಯಾಡ್ಜ್ ಬಗ್ಗೆ ಹೇಳೋಕೆ ನಾಚಿಕೆ ಆಗುತ್ತೆ, ಯಾಕೆಂದರೆ ನಾನೇ ಡಿಸೈನರ್. ಹೆಸರುಗಳನ್ನು ಕನ್ನಡದಲ್ಲಿ ಹಾಕಿಸಿದ್ದೆವು. ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಕೊಟ್ಟೆ. ಪ್ರಿಂಟಿಂಗ್‌ನವರು ಹಳೆಯ ಸಾಫ್ಟ್‌ವೇರಿಗೆ ಪೇಸ್ಟ್ ಮಾಡಿದರು. ಅದರಲ್ಲಿ ಭಾರತೀಯ ಭಾಷೆಗಳ ಲೇಔಟ್ ಆನ್ ಆಗಿರಲಿಲ್ಲ, ಒತ್ತಕ್ಷರಗಳೆಲ್ಲ ಕಳಚಿ ಪಕ್ಕಕ್ಕೆ ಕೂತವು. ಕೃಷ್ಣಮೂರ್ತಿ ಅನ್ನುವ ಹೆಸರಿನವರ ಬ್ಯಾಡ್ಜ್ ನೋಡಬೇಕಿತ್ತು, ತಲೆ ಒಂದು ಕಡೆ ಕಾಲು ಒಂದು ಕಡೆ. ಕಮಲ, ಸರಳ, ಭರತ ಇಂಥವರು ಮಾತ್ರ ಬಚಾವ್. ಕನ್ನಡ ಮುದ್ರಣಕ್ಕೆ ಕೊಡುವಾಗ ಅಕ್ಷರಗಳನ್ನು ಕರ್ವ್ ಮಾಡಿದ (ಚಿತ್ರದ ಗೆರೆಗಳಾಗಿ ಬದಲಿಸಿದ) ಪಿಡಿಎಫ್ ಮಾತ್ರ ಕೊಡಿ, ಒಂದು ಪ್ರೂಫ್ ಕೈಯಲ್ಲಿ ಹಿಡಿದು ನೋಡದೆ 'ಓಕೆ' ಅನ್ನಬೇಡಿ.

ಇಷ್ಟೆಲ್ಲ ಆದರೂ ಬದುಕಿಕೊಳ್ಳುತ್ತಿದ್ದೆವೇನೋ. ನಿಜವಾಗಿ ಮುಳುಗಿಸಿದ್ದು ಸ್ಪಾನ್ಸರ್. ಅದೂ ಪೂರ್ತಿ ಅವರ ತಪ್ಪಲ್ಲ.

ಜುಲೈನಲ್ಲಿ ಒಂದು ಕಂಪನಿಯ ಮಾರ್ಕೆಟಿಂಗ್‌ನವರು ಕಾಫಿಗೆ ಕರೆದು, 4 ಲಕ್ಷ ಕೊಡ್ತೀವಿ, ಮುಖ್ಯ ಸ್ಪಾನ್ಸರ್ ನಾವೇ ಎಂದರು. ಎರಡು ದಿನ ಬಿಟ್ಟು ಒಂದು ಸಾಲಿನ ಮೇಲ್ ಕೂಡ ಬಂತು, ಕೊನೆಗೆ ಒಂದು ಹೆಬ್ಬೆರಳಿನ ಇಮೋಜಿ. ನಾವು ಅದನ್ನು ದುಡ್ಡು ಅಂತಲೇ ಲೆಕ್ಕ ಹಾಕಿದೆವು. ಹಾಲ್ 1.2 ಲಕ್ಷ, ಸೌಂಡ್ ಮತ್ತು ಸ್ಕ್ರೀನ್ 1.6 ಲಕ್ಷ, 350 ಜನಕ್ಕೆ ತಿಂಡಿ, ಊಟ, ಎರಡು ಕಾಫಿ ಸೇರಿ ತಲೆಗೆ 450ರಂತೆ 1.57 ಲಕ್ಷ, ಭಾಷಣಕಾರರ ಪ್ರಯಾಣ, ರೂಮು 1.1 ಲಕ್ಷ, ಟಿ ಶರ್ಟು 98 ಸಾವಿರ, ವಿಡಿಯೋ, ಬ್ಯಾಡ್ಜ್, ಜನರೇಟರ್ ಡೀಸೆಲ್, ಕ್ಲೀನಿಂಗ್, ಹೀಗೆ ಒಟ್ಟು 7.7 ಲಕ್ಷ. ಟಿಕೆಟ್‌ನಿಂದ ಬಂದದ್ದು 3.15 ಲಕ್ಷ, ಇಬ್ಬರು ಸಣ್ಣ ಸ್ಪಾನ್ಸರ್‌ಗಳಿಂದ 1.5 ಲಕ್ಷ. ಸೆಪ್ಟೆಂಬರ್ 11ರಂದು ಮುಖ್ಯ ಸ್ಪಾನ್ಸರ್ ಮೇಲ್: ಬಜೆಟ್ ಫ್ರೀಜ್ ಆಗಿದೆ, ಕ್ಷಮಿಸಿ, ಮುಂದಿನ ವರ್ಷ ನೋಡೋಣ. ಆ ವರ್ಷ ಪೂರ್ತಿ ಐಟಿಯಲ್ಲಿ ಕೆಲಸ ತೆಗೆಯುತ್ತಿದ್ದರು, ನಮ್ಮ ಗೆಳೆಯರೇ ಮನೆಯಲ್ಲಿ ಕೂತಿದ್ದರು, ಆದರೂ ಮಾರ್ಕೆಟಿಂಗ್ ದುಡ್ಡು ಭದ್ರ ಅಂತ ಹೇಗೆ ನಂಬಿದೆವೋ. ಅಮೆರಿಕದಲ್ಲಿ ವೆಬ್ ಡಿಸೈನ್ ಲೋಕದ ಹೆಸರಾಂತರಾದ ಜೆಫ್ರಿ ಜೆಲ್ಡ್‌ಮನ್, ಎರಿಕ್ ಮೇಯರ್ 2005ರಲ್ಲಿ ಶುರು ಮಾಡಿದ ಆನ್ ಈವೆಂಟ್ ಅಪಾರ್ಟ್ ಅನ್ನೋ ದೊಡ್ಡ ಕಾನ್ಫರೆನ್ಸೇ ಅಷ್ಟರಲ್ಲಾಗಲೇ ಬಾಗಿಲು ಹಾಕಿತ್ತು. ನಾವೆಷ್ಟರವರು.

ಆ ಹೊತ್ತಿಗೆ ಅವರ ಲೋಗೋ ಟಿ ಶರ್ಟಿನ ಬೆನ್ನ ಮೇಲೆ ಅಂಗೈ ಅಗಲ ಪ್ರಿಂಟ್ ಆಗಿಹೋಗಿತ್ತು.

ಕಂಪನಿಗಳಲ್ಲಿ 'ಹೂಂ' ಅಂದವರಿಗೂ ದುಡ್ಡು ಕೊಡುವವರಿಗೂ ಸಂಬಂಧ ಇರುವುದಿಲ್ಲ. ಪರ್ಚೇಸ್ ಆರ್ಡರ್ ಕೈಗೆ ಬಂದ ಮೇಲೆ ಅರ್ಧ ನಂಬಿ, ದುಡ್ಡು ಬ್ಯಾಂಕಿಗೆ ಬಿದ್ದ ಮೇಲೆ ಲೋಗೋ ಹಾಕಿ. ವೆಂಡರ್ ರಿಜಿಸ್ಟ್ರೇಷನ್ ಅಂತಲೇ ಒಂದು ತಿಂಗಳು ತಿನ್ನುತ್ತಾರೆ, ಆಮೇಲೆ 60 ದಿನ, 90 ದಿನ ಅನ್ನುತ್ತಾರೆ. ಉದ್ಯಮ್ ನೋಂದಣಿ ಇರುವ ಸಣ್ಣ ಸಂಸ್ಥೆಗಾದರೆ 2006ರ ಎಂಎಸ್ಎಂಇ (ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆ ಪ್ರಕಾರ 45 ದಿನದೊಳಗೆ ಕೊಡಬೇಕು, ತಡವಾದರೆ ಬಡ್ಡಿ ಕೂಡ ಕೇಳಬಹುದು. ನಮ್ಮ ಹತ್ತಿರ ನೋಂದಣಿಯೂ ಇರಲಿಲ್ಲ, ಸಂಸ್ಥೆಯೂ ಇರಲಿಲ್ಲ. ಇದ್ದದ್ದು ನನ್ನ ಸೇವಿಂಗ್ಸ್ ಅಕೌಂಟ್.

ಆ ಅಕೌಂಟೇ ಕೊನೆಯ ಪೆಟ್ಟು ಕೊಟ್ಟಿದ್ದು. ಟಿಕೆಟ್, ಸ್ಪಾನ್ಸರ್ ಹಣ ಎಲ್ಲ ನನ್ನ ಪ್ಯಾನ್ ಮೇಲೆ ಬಂತು. ಜಿಎಸ್‌ಟಿ ಲೆಕ್ಕದಲ್ಲಿ ಒಂದು ಪ್ಯಾನ್‌ನ ವ್ಯವಹಾರ ಎಲ್ಲ ಕೂಡಿಸುತ್ತಾರೆ, ಸೇವೆ ಕೊಡುವವರಿಗೆ ವರ್ಷಕ್ಕೆ 20 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ. ನನ್ನ ಫ್ರೀಲಾನ್ಸ್ ಬಿಲ್ಲು ಆ ವರ್ಷ 16 ಲಕ್ಷ. ಇದಕ್ಕೆ ಟಿಕೆಟ್, ಸ್ಪಾನ್ಸರ್ ಹಣದ ಈ 4.65 ಲಕ್ಷ ಸೇರಿ ಮಾರ್ಚ್‌ನಲ್ಲಿ ಗೆರೆ ದಾಟಿದೆ, ಗೊತ್ತಾದದ್ದು ಜುಲೈನಲ್ಲಿ, ಆಡಿಟರ್ ತಲೆ ಚಚ್ಚಿಕೊಂಡಾಗ. ದಾಟಿದ ಮೇಲಿನ ಬಿಲ್ಲುಗಳಿಗೆ ಶೇ 18 ತೆರಿಗೆ, ಬಡ್ಡಿ ಎಲ್ಲ ನನ್ನ ಕೈಯಿಂದ. ಕ್ಲೈಂಟುಗಳ ಹತ್ತಿರ ಹೋಗಿ ನಾಲ್ಕು ತಿಂಗಳ ಹಿಂದಿನ ಬಿಲ್ಲಿಗೆ ಜಿಎಸ್‌ಟಿ ಕೊಡಿ ಅಂದರೆ ಯಾರು ಕೊಡ್ತಾರೆ? ಇನ್ನು ಇನ್‌ಕಮ್ ಟ್ಯಾಕ್ಸ್. ಬಂದ ಹಣಕ್ಕೆ ದಾಖಲೆ ಪಕ್ಕಾ, ಹೋದ ಹಣಕ್ಕೆ ಇದ್ದದ್ದು ಅಡುಗೆಯವರು ಸಿಗರೇಟ್ ಪ್ಯಾಕಿನ ಹಿಂದೆ ಬರೆದುಕೊಟ್ಟ ಚೀಟಿ. ಮೊದಲೇ ಒಬ್ಬ ಆಡಿಟರ್ ಹತ್ತಿರ ಒಂದು ಗಂಟೆ ಕೂರಿ, ಸಂಸ್ಥೆಯ ಹೆಸರಲ್ಲಿ ಬೇರೆ ಅಕೌಂಟ್ ತೆರೆಯಿರಿ.

ಅಡುಗೆಯವರ ತಪ್ಪೇನಿಲ್ಲ. 350 ಎಲೆಗೆ ಮಾತಾಗಿತ್ತು, 350ಕ್ಕೇ ಮಾಡಿದರು, 350ಕ್ಕೇ ದುಡ್ಡು ತೆಗೆದುಕೊಂಡರು. ಉಳಿದ ಬಿಸಿಬೇಳೆಬಾತು, ಹೋಳಿಗೆಯನ್ನು ಹತ್ತಿರದ ಒಂದು ಹಾಸ್ಟೆಲ್‌ಗೆ ಸಾಗಿಸಿದೆವು. ಅವತ್ತು ಯಾರಾದರೂ ಪೂರ್ತಿ ಖುಷಿಯಾಗಿದ್ದರೆ ಆ ಹಾಸ್ಟೆಲ್ ಹುಡುಗರು. ಕೊನೆಯ ಸಂಖ್ಯೆಯನ್ನು ಮೂರು ದಿನ ಮುಂಚೆ ಹೇಳ್ತೀವಿ ಅಂತ ಮೊದಲೇ ಬರೆಸಿಕೊಂಡಿದ್ದರೆ 60 ಸಾವಿರವಾದರೂ ಉಳಿಯುತ್ತಿತ್ತು.

ಬಂದ್‌ನಿಂದಾಗಿ ಬರಲಾಗದೆ ರೀಫಂಡ್ ಕೇಳಿದವರಿಗೆ ನಾವು ಕೊಡಲಿಲ್ಲ, ಇದನ್ನೂ ಹೇಳಿಬಿಡುತ್ತೇನೆ. ಮುಂದಿನ ವರ್ಷ ನಿಮಗೆ ಉಚಿತ ಎಂದೆವು. ಮುಂದಿನ ವರ್ಷ ಅನ್ನೋದು ಬರಲೇ ಇಲ್ಲ. ಅವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ, ಬೈಯಿರಿ, ಆಮೇಲೆ ಟಿಕೆಟ್ ನಂಬರ್ ಕಳಿಸಿ. ತಿಂಗಳಿಗೆ ಇಬ್ಬರು ಮೂವರ ಹಾಗೆ ವಾಪಸ್ ಕೊಡುತ್ತಾ ಬರುತ್ತಿದ್ದೇನೆ.

ಮಂಚದ ಕೆಳಗೆ ಇನ್ನೂ 140 ಟಿ ಶರ್ಟ್ ಇವೆ, ದುಡ್ಡು ಕೊಡದ ಸ್ಪಾನ್ಸರ್ ಲೋಗೋ ಸಮೇತ. ಬಟ್ಟೆ ಒಳ್ಳೇದಿದೆ, ಅಮ್ಮ ನೆಲ ಒರೆಸೋಕೆ ಬಳಸುತ್ತಾರೆ. ಸ್ಮಾಲ್ ಸೈಜ್ ಜಾಸ್ತಿ ಉಳಿದಿದೆ, ಯಾರಿಗಾದರೂ ಬೇಕಿದ್ದರೆ ಹೇಳಿ, ಕೊರಿಯರ್ ಚಾರ್ಜ್ ನಿಮ್ಮದು.