ಒಂಬತ್ತು ಚಳಿಗಾಲ ದುಡಿದ ಗ್ಯಾಸ್ ಬಾಯ್ಲರ್: ಆಯ್ಕೆಯಲ್ಲಿ ಆದ ತಪ್ಪು, ನಿರ್ವಹಣೆಯಲ್ಲಿ ಕಲಿತ ಪಾಠ

ಕೋಣೆಗಳನ್ನು ಬೆಚ್ಚಗಿಡುವ ರೇಡಿಯೇಟರ್‌ಗಳಿಗೂ ಸ್ನಾನದ ಬಿಸಿನೀರಿಗೂ ಒಂದೇ ಯಂತ್ರ ಸಾಕೆಂದು ನಾವು ಹಾಕಿಸಿಕೊಂಡ 30 ಕಿಲೋವ್ಯಾಟ್‌ನ ಕಂಡೆನ್ಸಿಂಗ್ ಕಾಂಬಿ ಬಾಯ್ಲರ್ ಈ ವರ್ಷ ತನ್ನ ಒಂಬತ್ತನೆಯ ಚಳಿಗಾಲವನ್ನು ಮುಗಿಸಿದೆ. ಯಂತ್ರ ಹೊಸದಾಗಿದ್ದಾಗ ಅದರ ಸದ್ದು, ಗಾತ್ರ, ಪರದೆಯ ಅಂದ ಇವೇ ನಮ್ಮ ಕಣ್ಣಿಗೆ ಬಿದ್ದಿದ್ದವು. ಇಷ್ಟು ವರ್ಷ ಬಳಸಿದ ಮೇಲೆ ನನಗೆ ಮನದಟ್ಟಾಗಿರುವ ಸಂಗತಿ ಬೇರೆಯೇ: ಬಾಯ್ಲರ್ ಎಷ್ಟು ಗ್ಯಾಸ್ ನುಂಗುತ್ತದೆ, ಎಷ್ಟು ವರ್ಷ ಬಾಳುತ್ತದೆ ಎಂಬುದೆಲ್ಲ ಅದರೊಳಗೆ ಸುತ್ತುವ ನೀರು ಎಷ್ಟು ಬಿಸಿಯಾಗಿದೆ, ಎಷ್ಟು ಸ್ವಚ್ಛವಾಗಿದೆ ಎಂಬುದನ್ನೇ ಬಹುಮಟ್ಟಿಗೆ ಅವಲಂಬಿಸಿದೆ.

ಮೊದಲು ಆಯ್ಕೆಯ ವಿಷಯ. ನಾವು ಕೊಂಡದ್ದು ಅಗತ್ಯಕ್ಕಿಂತ ದೊಡ್ಡ ಬಾಯ್ಲರ್. ಅತಿ ಚಳಿಯಿದ್ದ ಒಂದು ದಿನ, ಹೀಟಿಂಗನ್ನು ಹಗಲಿರುಳು ನಿಲ್ಲಿಸದೆ ಬಿಟ್ಟು, ಗ್ಯಾಸ್ ಮೀಟರನ್ನು ಬೆಳಿಗ್ಗೆ ಒಮ್ಮೆ, ಮರುದಿನ ಅದೇ ಹೊತ್ತಿಗೆ ಇನ್ನೊಮ್ಮೆ ಓದಿದೆ. ಖರ್ಚಾದದ್ದು 190 ಕಿಲೋವ್ಯಾಟ್ ಅವರ್. ಇದನ್ನು 24 ಗಂಟೆಗಳಿಂದ ಭಾಗಿಸಿದರೆ ಸರಾಸರಿ 8 ಕಿಲೋವ್ಯಾಟ್‌ಗಿಂತ ತುಸು ಕಡಿಮೆ. ಅಂದರೆ ಕಡುಚಳಿಯಲ್ಲೂ ನಮ್ಮ ಮನೆಗೆ ಬೇಕಾಗುವ ಶಾಖ ಅಷ್ಟೇ. ಉಳಿದ ಸಾಮರ್ಥ್ಯ ಉಪಯೋಗಕ್ಕೆ ಬರುವುದು ಷವರ್ ತೆರೆದಾಗ ಮಾತ್ರ: ತಣ್ಣೀರನ್ನು 35 ಡಿಗ್ರಿಯಷ್ಟು ಬಿಸಿಯೇರಿಸಿ ನಿಮಿಷಕ್ಕೆ 12 ಲೀಟರ್ ಕೊಡಲು 30 ಕಿಲೋವ್ಯಾಟ್ ನಿಜವಾಗಿಯೂ ಬೇಕು. ಆದ್ದರಿಂದ ಕಾಂಬಿ ಕೊಳ್ಳುವವರು ಗರಿಷ್ಠ ಸಾಮರ್ಥ್ಯದ ಜೊತೆಗೆ ಕನಿಷ್ಠ ಸಾಮರ್ಥ್ಯ ಎಷ್ಟೆಂಬುದನ್ನೂ ತಪ್ಪದೆ ಕೇಳಬೇಕು. ನಮ್ಮ ಬಾಯ್ಲರ್ 6 ಕಿಲೋವ್ಯಾಟ್‌ಗಿಂತ ಕೆಳಗಿಳಿಯುವುದಿಲ್ಲ. ಸಾಧಾರಣ ಚಳಿಯ ದಿನಗಳಲ್ಲಿ ಮನೆಗೆ 3 ಕಿಲೋವ್ಯಾಟ್ ಸಾಕಾಗುವುದರಿಂದ ಗ್ಯಾಸ್ ಉರಿಸುವ ಬರ್ನರ್ ಕೆಲವೇ ನಿಮಿಷಗಳಿಗೊಮ್ಮೆ ಹೊತ್ತಿ ಆರುತ್ತಿರುತ್ತದೆ. ಇದರಿಂದ ಗ್ಯಾಸ್ ಹಾಳಾಗುತ್ತದೆ, ಫ್ಯಾನು, ಗ್ಯಾಸ್ ವಾಲ್ವ್, ಕಿಡಿ ಹೊತ್ತಿಸುವ ಎಲೆಕ್ಟ್ರೋಡ್ ಇವೆಲ್ಲ ಬೇಗ ಸವೆಯುತ್ತವೆ.

ಎರಡನೆಯದು ಉಷ್ಣತೆ. ಬಾಯ್ಲರ್ ಕೂರಿಸಿದವರು ರೇಡಿಯೇಟರ್‌ಗೆ ಹೋಗುವ ನೀರನ್ನು 75 ಡಿಗ್ರಿಗೆ ಇಟ್ಟು ಹೋಗಿದ್ದರು, ಎರಡು ಚಳಿಗಾಲ ನಾವೂ ಅದನ್ನು ಮುಟ್ಟಲಿಲ್ಲ. ಕಂಡೆನ್ಸಿಂಗ್ ಬಾಯ್ಲರ್‌ಗೆ ಆ ಹೆಸರು ಬಂದಿರುವುದು ಗ್ಯಾಸ್ ಉರಿದಾಗ ಹುಟ್ಟುವ ನೀರಾವಿಯನ್ನು ಅದು ಮತ್ತೆ ನೀರಾಗಿಸಿ, ಆವಿಯಲ್ಲಿ ಅಡಗಿದ್ದ ಶಾಖವನ್ನೂ ಹಿಡಿದುಕೊಳ್ಳುವುದರಿಂದ. ಆದರೆ ರೇಡಿಯೇಟರ್‌ಗಳಿಂದ ಹಿಂದಿರುಗುವ ನೀರು ಸುಮಾರು 55 ಡಿಗ್ರಿಗಿಂತ ತಣ್ಣಗಿದ್ದರೆ ಮಾತ್ರ ನೈಸರ್ಗಿಕ ಅನಿಲದ ಹೊಗೆಯಲ್ಲಿ ಇದು ಸಾಧ್ಯ. ಇನ್ನೂ ತಣ್ಣಗಾದಷ್ಟೂ ಲಾಭ ಹೆಚ್ಚು. ಇದನ್ನು ಓದಿ ತಿಳಿದ ಮೇಲೆ ನಾನು ಹಾಗೆ ಆವಿಯಿಂದಾದ ನೀರು ಹೊರಹರಿಯುವ ಕಂಡೆನ್ಸೇಟ್ ಪೈಪಿನ ಬಾಯಿಗೆ ಒಂದು ಪ್ಲಾಸ್ಟಿಕ್ ಜಗ್ ಇಟ್ಟು ನೋಡಿದೆ. 75 ಡಿಗ್ರಿಯಲ್ಲಿ ಒಂದು ಗಂಟೆ ಕಳೆದರೂ ಜಗ್ಗಿನ ತಳ ಒದ್ದೆಯಾದದ್ದು ಬಿಟ್ಟರೆ ಹೆಚ್ಚೇನೂ ಬೀಳಲಿಲ್ಲ. ವಾರಕ್ಕೆ 5 ಡಿಗ್ರಿಯಂತೆ ಇಳಿಸುತ್ತ 55ಕ್ಕೆ ತಂದು ನಿಲ್ಲಿಸಿದಾಗ ಅದೇ ಒಂದು ಗಂಟೆಯಲ್ಲಿ ಅರ್ಧ ಲೀಟರ್‌ನಷ್ಟು ನೀರು ತುಂಬಿತ್ತು. ಅಲ್ಲಿಯವರೆಗೆ ಆ ಶಾಖವೆಲ್ಲ ಫ್ಲೂ, ಅಂದರೆ ಹೊಗೆ ಕೊಳವೆಯ ಮೂಲಕ ಆಕಾಶಕ್ಕೆ ಹೋಗುತ್ತಿತ್ತೆಂದು ನೆನೆದು ಬೇಸರವಾಯಿತು. ಕೋಣೆಗಳು ಬೆಚ್ಚಗಾಗಲು ಈಗ ಹೆಚ್ಚು ಹೊತ್ತು ಬೇಕು, ಆದರೆ ಬೆಚ್ಚಗಾದ ಮೇಲೆ ಹಾಗೆಯೇ ಉಳಿಯುತ್ತವೆ. ಬಿಸಿನೀರನ್ನು ಸಿಲಿಂಡರ್‌ನಲ್ಲಿ ಸಂಗ್ರಹಿಸುವ ವ್ಯವಸ್ಥೆಯಿರುವ ಮನೆಗಳಲ್ಲಿ ಮಾತ್ರ ಆ ಸಿಲಿಂಡರ್‌ನ ಉಷ್ಣತೆಯನ್ನು 60 ಡಿಗ್ರಿಗಿಂತ ಕೆಳಗೆ ಇಡಬಾರದು, ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುವ ಅಪಾಯವಿದೆ. ರೇಡಿಯೇಟರ್ ಸೆಟ್ಟಿಂಗ್ ಬೇರೆ, ಇದು ಬೇರೆ.

ಇಷ್ಟು ವರ್ಷಗಳಲ್ಲಿ ನಮ್ಮನ್ನು ಅತಿ ಹೆಚ್ಚು ಕಾಡಿದ್ದು ಐದನೆಯ ಚಳಿಗಾಲದಲ್ಲಿ ಎದುರಾದ, ಒಳಗೆ ಸುತ್ತುವ ನೀರಿನ ಒತ್ತಡದ ಸಮಸ್ಯೆ. ತಣ್ಣಗಿದ್ದಾಗ 1.2 ಬಾರ್ ತೋರಿಸುತ್ತಿದ್ದ ಒತ್ತಡಮಾಪಕದ ಮುಳ್ಳು ಹೀಟಿಂಗ್ ಶುರುವಾದ ಅರ್ಧ ಗಂಟೆಯಲ್ಲಿ 3ರ ಹತ್ತಿರ ಏರುತ್ತಿತ್ತು, ಮರುದಿನ ಬೆಳಿಗ್ಗೆ 0.5ಕ್ಕೆ ಇಳಿದು ಬಾಯ್ಲರ್ ನಿಂತುಹೋಗಿರುತ್ತಿತ್ತು. ಬಂದ ಟೆಕ್ನಿಷಿಯನ್ ನೆಲದಡಿಯ ಪೈಪು ಸೋರುತ್ತಿದೆ, ನೆಲ ಅಗೆಯದೆ ಬೇರೆ ದಾರಿಯಿಲ್ಲ ಎಂದು ಹೇಳಿ ಹೋದರು. ನಾವು ಹೆದರಿ ಕೆಲಸ ಮುಂದೂಡುತ್ತ, ಮೂರು ತಿಂಗಳ ಕಾಲ ಮತ್ತೆ ಮತ್ತೆ ಹೊಸ ನೀರು ತುಂಬಿಸುತ್ತ ಬಂದೆವು. ಎರಡನೆಯ ಟೆಕ್ನಿಷಿಯನ್ ಮೊದಲು ಹೊರಗೋಡೆಯತ್ತ ಹೋಗಿ ಒತ್ತಡ ಮಿತಿಮೀರಿದಾಗ ನೀರನ್ನು ಹೊರಬಿಡುವ ಸೇಫ್ಟಿ ವಾಲ್ವ್‌ನ ಪೈಪಿನ ಕೆಳಗೆ ಮೂಡಿದ್ದ ಒದ್ದೆ ಕಲೆಯನ್ನು ತೋರಿಸಿದರು. ಆಮೇಲೆ ಬಿಸಿಯಾಗಿ ಹಿಗ್ಗುವ ನೀರಿಗೆ ಜಾಗ ಕೊಡುವ, ಒಂದು ಬದಿಯಲ್ಲಿ ಗಾಳಿ ತುಂಬಿರುವ ಎಕ್ಸ್‌ಪಾನ್ಷನ್ ಟ್ಯಾಂಕಿನ ಗಾಳಿ ವಾಲ್ವಿನ ಮುಚ್ಚಳ ಬಿಚ್ಚಿ, ಸೈಕಲ್ ಟ್ಯೂಬಿನದನ್ನು ಒತ್ತಿದಂತೆ ಅದರ ಸೂಜಿಯನ್ನು ಒತ್ತಿದರು. ಗಾಳಿ ಬರಲಿಲ್ಲ, ನೀರೂ ಬರಲಿಲ್ಲ. ನೀರು ಬಂದಿದ್ದರೆ ಒಳಗಿನ ರಬ್ಬರ್ ಪೊರೆ ಹರಿದಿದೆಯೆಂದು ಅರ್ಥ, ಟ್ಯಾಂಕನ್ನೇ ಬದಲಿಸಬೇಕಿತ್ತು. ನಮ್ಮಲ್ಲಿ ವರ್ಷಗಳಿಂದ ಯಾರೂ ನೋಡದೆ ಗಾಳಿ ಮಾತ್ರ ಖಾಲಿಯಾಗಿತ್ತು. ಬಿಸಿಯಾಗಿ ಹಿಗ್ಗಿದ ನೀರಿಗೆ ಜಾಗವಿಲ್ಲದೆ ಒತ್ತಡ 3 ಬಾರ್ ಮುಟ್ಟಿ, ಸೇಫ್ಟಿ ವಾಲ್ವ್ ತೆರೆದು ನೀರನ್ನು ಹೊರಚೆಲ್ಲುತ್ತಿತ್ತು. ಅವರು ನೀರಿನ ಒತ್ತಡವನ್ನು ಸೊನ್ನೆಗೆ ಇಳಿಸಿ, ಟ್ಯಾಂಕಿಗೆ ಕೈಪಂಪಿನಿಂದ 0.8 ಬಾರ್ ಗಾಳಿ ತುಂಬಿಸಿ, ಮತ್ತೆ ನೀರನ್ನು 1.3ಕ್ಕೆ ತಂದರು. ಒಮ್ಮೆ ತೆರೆದ ಸೇಫ್ಟಿ ವಾಲ್ವಿನ ಬಾಯಲ್ಲಿ ಕಸ ಸಿಕ್ಕಿಕೊಂಡು ಸರಿಯಾಗಿ ಮುಚ್ಚದಿರಬಹುದೆಂದು ಅದನ್ನೂ ಬದಲಿಸಿದರು. ಒಟ್ಟು ಒಂದು ಗಂಟೆಯ ಕೆಲಸ.

ಆದರೆ ಆ ಮೂರು ತಿಂಗಳು ತುಂಬಿಸಿದ ಹೊಸ ನೀರು ಮಾಡಿದ ಹಾನಿ ಮುಂದಿನ ವರ್ಷ ಕಾಣಿಸಿತು. ಪ್ರತಿ ಬಾರಿಯೂ ಹೊಸ ನೀರಿನ ಜೊತೆ ಆಮ್ಲಜನಕ ಒಳಹೊಕ್ಕು ಉಕ್ಕಿನ ರೇಡಿಯೇಟರ್‌ಗಳನ್ನು ಒಳಗಿನಿಂದಲೇ ತಿನ್ನುತ್ತದೆ, ಹಾಗೆ ಎದ್ದ ಕಪ್ಪು ಹೂಳು ಪಂಪಿನಲ್ಲೂ ಉರಿಯ ಶಾಖವನ್ನು ನೀರಿಗೆ ದಾಟಿಸುವ ಹೀಟ್ ಎಕ್ಸ್‌ಚೇಂಜರ್‌ನ ಕಿರಿದಾದ ದಾರಿಗಳಲ್ಲೂ ಕೂರುತ್ತದೆ. ಎರಡು ರೇಡಿಯೇಟರ್‌ಗಳು ಮೇಲ್ಭಾಗದಲ್ಲಿ ಬಿಸಿ, ಕೆಳಗೆ ನಡುವಿನಲ್ಲಿ ತಣ್ಣಗೆ ಇರತೊಡಗಿದವು. ಇದು ಹೂಳಿನ ಲಕ್ಷಣ. ಮೇಲ್ಭಾಗ ತಣ್ಣಗಿದ್ದರೆ ಒಳಗೆ ಗಾಳಿ ಸೇರಿದೆ ಎಂದರ್ಥ, ಅದಕ್ಕೆ ಗಾಳಿ ಬಿಟ್ಟರೆ ಸಾಕು. ವ್ಯವಸ್ಥೆಯನ್ನು ತೊಳೆಸಿ, ತುಕ್ಕು ತಡೆಯುವ ರಾಸಾಯನಿಕ ಸೇರಿಸಿ, ಹಿಂದಿರುಗುವ ಪೈಪಿಗೆ ಮ್ಯಾಗ್ನೆಟಿಕ್ ಫಿಲ್ಟರ್ ಹಾಕಿಸಿದೆವು. ಮೊದಲ ಸಲ ಆ ಫಿಲ್ಟರ್ ಬಿಚ್ಚಿದಾಗ ಅಯಸ್ಕಾಂತದ ಕಡ್ಡಿಯ ಸುತ್ತ ಕಾಡಿಗೆಯಂಥ ನುಣುಪಾದ ಕರಿ ಲೇಪ ಬೆರಳಿನಷ್ಟು ದಪ್ಪಕ್ಕೆ ಅಂಟಿತ್ತು. ಈ ಫಿಲ್ಟರನ್ನು ಮೊದಲ ದಿನವೇ ಹಾಕಿಸಬೇಕಿತ್ತು.

ವಾರ್ಷಿಕ ಸರ್ವಿಸ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಆದರೆ ಬಂದವರು ಹೊರಗಿನ ಧೂಳು ಒರೆಸಿ ಹೋಗುವುದಕ್ಕೆ ಸರ್ವಿಸ್ ಎನ್ನುವಂತಿಲ್ಲ. ಹೊಗೆಯನ್ನು ಅನಲೈಸರ್‌ನಿಂದ ಅಳೆದು ಅಂಕಿಗಳನ್ನು ಬರೆದುಕೊಡಬೇಕು, ಕಂಡೆನ್ಸೇಟ್ ಪೈಪಿನಲ್ಲಿ ನೀರು ನಿಂತು ಹೊಗೆಯನ್ನು ತಡೆಯುವ ಸೈಫನ್ ಬಿಚ್ಚಿ ತೊಳೆದು ಮತ್ತೆ ನೀರು ತುಂಬಿಸಬೇಕು. ಅದು ಒಣಗಿದ್ದರೆ ಹೊಗೆ ಮನೆಯೊಳಗೆ ಬರುತ್ತದೆ. ಎಕ್ಸ್‌ಪಾನ್ಷನ್ ಟ್ಯಾಂಕಿನ ಗಾಳಿ ನೋಡಿ ಎಂದು ನಾನೇ ಕೇಳುತ್ತೇನೆ. ಬರ್ನರ್ ಕಡೆಯ ಮುಚ್ಚಳವನ್ನು ಅರ್ಹತೆಯುಳ್ಳವರಲ್ಲದೆ ಬೇರೆ ಯಾರೂ ತೆರೆಯಬಾರದು. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲವಾದ್ದರಿಂದ ಬಾಯ್ಲರ್ ಇರುವ ಮನೆಯಲ್ಲಿ ಅದರ ಅಲಾರಂ ಇರಲೇಬೇಕು. ನಮ್ಮ ಮನೆಯ ಅಲಾರಂ ಅವಧಿ ಮುಗಿದು ಒಮ್ಮೆ ಬದಲಾಗಿದೆ.

ಈವರೆಗೆ ಬದಲಿಸಿದ ಭಾಗಗಳೆಂದರೆ ಸೇಫ್ಟಿ ವಾಲ್ವ್, ಎರಡು ಸಲ ಎಲೆಕ್ಟ್ರೋಡ್, ಬಿಸಿಯನ್ನು ರೇಡಿಯೇಟರ್‌ಗಳತ್ತಲೋ ನಲ್ಲಿಯ ನೀರಿನತ್ತಲೋ ತಿರುಗಿಸುವ ಒಂದು ಡೈವರ್ಟರ್ ವಾಲ್ವ್. ಈ ಚಳಿಗಾಲದ ಕೊನೆಯಲ್ಲಿ ಫ್ಯಾನು ಶುರುವಾಗುವಾಗ ಸಣ್ಣ ಗರಗರ ಸದ್ದು ಕೇಳಿಸುತ್ತಿದೆ, ಬೇರಿಂಗ್ ಸವೆದಿರಬೇಕು. ಫ್ಯಾನು ಹಾಕಿಸಿ ಇನ್ನೂ ಕೆಲವು ವರ್ಷ ಇದನ್ನೇ ಬಳಸುವುದೆಂದು ತೀರ್ಮಾನಿಸಿದ್ದೇವೆ. ಇದರ ಕಾಲ ಮುಗಿದ ಮೇಲೆ ಕೊಳ್ಳುವುದು 10ರಿಂದ 12 ಕಿಲೋವ್ಯಾಟ್‌ನ, 2 ಕಿಲೋವ್ಯಾಟ್‌ನವರೆಗೆ ಇಳಿಯಬಲ್ಲ ಬಾಯ್ಲರ್ ಮತ್ತು ಅದರ ಜೊತೆ ಬಿಸಿನೀರಿಗೆ ಪ್ರತ್ಯೇಕ ಸಿಲಿಂಡರ್. ಅದನ್ನಿಡಲು ಬಟ್ಟೆ ಕಪಾಟಿನ ಪಕ್ಕದ ಮೂಲೆಯನ್ನು ಈಗಲೇ ಅಳೆದಿಟ್ಟಿದ್ದೇನೆ.