ಎಂಟು ವರ್ಷ ಹಚ್ಚಿದ ಕಪ್ಪು ಬಣ್ಣ

ಮನೆಯಲ್ಲೇ ಕಲಸಿ ಹಚ್ಚಿಕೊಳ್ಳುವ ಕ್ರೀಮ್ ರೂಪದ ಹೇರ್ ಡೈಯನ್ನು ಎಂಟು ವರ್ಷ ಬಿಡದೆ ಬಳಸಿ, ನಿಲ್ಲಿಸಿ ಆರು ತಿಂಗಳಾದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಬಣ್ಣ ಹಿಡಿಯುವ ವಿಷಯದಲ್ಲಿ ಅದರ ಮೇಲೆ ನನಗೆ ಯಾವ ದೂರೂ ಇಲ್ಲ. ಎರಡು ಟ್ಯೂಬುಗಳನ್ನು ಸಮನಾಗಿ ಬೆರೆಸಿ ಹಚ್ಚಿ, ಅರ್ಧ ಗಂಟೆ ಬಿಟ್ಟು ತೊಳೆದರೆ ಒಂದು ನರೆಗೂದಲೂ ಕಾಣಿಸುವುದಿಲ್ಲ. ಕ್ಷಾರವು ಕೂದಲಿನ ಹೊರಪದರವನ್ನು ಸಡಿಲಿಸುತ್ತದೆ; ಒಳಹೊಕ್ಕ ಸಣ್ಣ ಅಣುಗಳು ಹೈಡ್ರೋಜನ್ ಪೆರಾಕ್ಸೈಡಿನ ನೆರವಿನಿಂದ ಒಂದಕ್ಕೊಂದು ಕೂಡಿ ದೊಡ್ಡವಾಗಿ ಅಲ್ಲೇ ಉಳಿದುಬಿಡುತ್ತವೆ. ಆದ್ದರಿಂದಲೇ ಸ್ನಾನಕ್ಕೆ ಈ ಬಣ್ಣ ಸುಲಭವಾಗಿ ಹೋಗದು.

ತೊಂದರೆ ಇರುವುದು ಬೇರೆ ಕಡೆ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುವುದರಿಂದ ಮೂರನೆಯ ವಾರಕ್ಕೆಲ್ಲ ಬೈತಲೆಯಲ್ಲಿ ಬಿಳಿಯ ಗೆರೆ ಮೂಡುತ್ತಿತ್ತು. ‘ಅಮೋನಿಯಾ ಇಲ್ಲ’ ಎಂಬ ಬರಹವನ್ನು ನೋಡಿ ಅಪಾಯವೇ ಇಲ್ಲವೆಂದು ನಾನು ನಂಬಿದ್ದೆ. ಆದರೆ ಅಂಥ ಡಬ್ಬಿಗಳಲ್ಲೂ ಅಲರ್ಜಿ ತರಬಲ್ಲ ಪಿಪಿಡಿ ಎಂಬ ರಾಸಾಯನಿಕ ಇರಬಹುದು, ವರ್ಷಗಟ್ಟಲೆ ಒಗ್ಗಿದ್ದವರಿಗೂ ಅದು ಒಂದು ದಿನ ಒಗ್ಗದೆ ಹೋಗಬಹುದು. ಪ್ರತಿ ಸಲವೂ 48 ಗಂಟೆ ಮೊದಲು ಚರ್ಮದ ಮೇಲೆ ಸ್ವಲ್ಪ ಹಚ್ಚಿ ನೋಡಬೇಕೆಂಬ ಸೂಚನೆಯನ್ನು ನಾನು ಮೊದಲ ವರ್ಷವೇ ಕೈಬಿಟ್ಟಿದ್ದೆ. ಎಂಟನೆಯ ವರ್ಷ ಕಿವಿಯ ಹಿಂದೆ ತುರಿಕೆ ಎದ್ದು, ಮರುದಿನ ಕಣ್ಣಿನ ರೆಪ್ಪೆಗಳು ಊದಿಕೊಂಡವು.

ರೆಪ್ಪೆ ಊದುವುದಕ್ಕೆ ಬಹಳ ಮೊದಲೇ ಮನಸ್ಸಿಗೆ ಚುಚ್ಚಿದ್ದು ಇನ್ನೊಂದಿದೆ. ಒಂದು ಭಾನುವಾರ ಸಭೆಯಲ್ಲಿ ಸತ್ಯವೇದ ಓದುವ ಸರದಿ ನನ್ನದಾಗಿತ್ತು, ಪಾಠ ಜ್ಞಾನೋಕ್ತಿಗಳ 16ನೆಯ ಅಧ್ಯಾಯ. ನರೆಗೂದಲು ಸುಂದರವಾದ ಕಿರೀಟ, ಧರ್ಮಮಾರ್ಗದಲ್ಲಿ ನಡೆದವರಿಗೆ ಅದು ದೊರಕುತ್ತದೆ ಎಂಬ ವಚನವನ್ನು, ಹಿಂದಿನ ರಾತ್ರಿಯಷ್ಟೇ ಆ ಕಿರೀಟಕ್ಕೆ ಕಪ್ಪು ಬಳಿದುಕೊಂಡಿದ್ದ ನಾನು ಗಟ್ಟಿಯಾಗಿ ಓದಿದೆ. ಧ್ವನಿ ಅಲ್ಲಿ ತಡವರಿಸಿತು.

ಹಾಗೆಂದು ಅಲಂಕಾರವೇ ಪಾಪವೆಂದು ನಾನು ಹೇಳಲಾರೆ. ಸತ್ಯವೇದದಲ್ಲಿ ಬರುವ ಎಸ್ತೇರಳು ಅರಸನ ಮುಂದೆ ನಿಲ್ಲುವುದಕ್ಕೆ ಮೊದಲು ಹನ್ನೆರಡು ತಿಂಗಳು ತೈಲ, ಸುಗಂಧಗಳ ಆರೈಕೆ ನಡೆದಿತ್ತು. ಮುಖಕ್ಕೆ ಕಾಂತಿ ಕೊಡುವ ಎಣ್ಣೆಗಾಗಿ 104ನೆಯ ಕೀರ್ತನೆ ದೇವರನ್ನು ಕೊಂಡಾಡುತ್ತದೆ. ಉಪವಾಸದ ದಿನವೂ ತಲೆಗೆ ಎಣ್ಣೆ ಹಚ್ಚಿ ಮುಖ ತೊಳೆದುಕೊಳ್ಳಿರಿ ಎಂದು ಯೇಸುಸ್ವಾಮಿಯೇ ಹೇಳಿದ್ದಾರೆ. ಒಂದು ಕೂದಲನ್ನಾದರೂ ಬೆಳ್ಳಗೆ ಇಲ್ಲವೆ ಕಪ್ಪಗೆ ಮಾಡುವುದು ನಿನ್ನಿಂದಾಗದು ಎಂಬ ಮತ್ತಾಯನ 5ನೆಯ ಅಧ್ಯಾಯದ ಮಾತನ್ನು, ಸುಮಾರು 1,800 ವರ್ಷಗಳ ಹಿಂದೆ ಉತ್ತರ ಆಫ್ರಿಕದ ಕಾರ್ಥೇಜಿನ ಕ್ರೈಸ್ತ ಲೇಖಕ ತೆರ್ತುಲ್ಲಿಯನನು ಕೂದಲಿಗೆ ಬಣ್ಣ ಹಾಕುವವರ ವಿರುದ್ಧ ಎತ್ತಿ ಹಿಡಿದಿದ್ದ. ಅಷ್ಟು ದೂರ ಹೋಗಲು ನನಗೆ ಮನಸ್ಸಿಲ್ಲ, ಏಕೆಂದರೆ ಆ ಮಾತು ಬಂದಿರುವುದು ಆಣೆ ಇಡುವುದನ್ನು ಕುರಿತು. ಆದರೂ ಬೈತಲೆಯ ಬಿಳಿ ಗೆರೆಯನ್ನು ನೋಡಿದಾಗಲೆಲ್ಲ ಅದೇ ನೆನಪಾಗುತ್ತಿತ್ತು: ಡಬ್ಬಿಯ ಬಣ್ಣ ಆಗಲೇ ಬೆಳೆದುಬಂದ ಕೂದಲಿಗೆ ಮಾತ್ರ; ಬುಡದಿಂದ ಮುಂದೆ ಬರುವ ಕೂದಲಿನ ಬಣ್ಣವನ್ನು ಅದು ಬದಲಿಸಲಾರದು.

ಎಣ್ಣೆ ಹಚ್ಚಿ ತಲೆ ಬಾಚಿಕೊಂಡಾಗ ನಾನು ಯಾರಿಂದಲೂ ಏನನ್ನೂ ಬಚ್ಚಿಡುತ್ತಿರಲಿಲ್ಲ. ಬಣ್ಣ ಹಚ್ಚುವಾಗ ಬಾಗಿಲು ಹಾಕಿಕೊಳ್ಳುತ್ತಿದ್ದೆ, ವಯಸ್ಸು ಕೇಳಿದವರಿಗೆ ಮಾತು ಮರೆಸುತ್ತಿದ್ದೆ. ಮನುಷ್ಯರು ಹೊರಗಿನ ತೋರಿಕೆಯನ್ನು ನೋಡುತ್ತಾರೆ, ಯೆಹೋವನು ಹೃದಯವನ್ನು ನೋಡುತ್ತಾನೆ ಎಂದು ಸಮುವೇಲನಿಗೆ ಹೇಳಿದ ಆ ದೇವರ ಎದುರಿಗೆ ನನ್ನ ಅಳುಕು ಇದ್ದದ್ದು ಬಣ್ಣದ ಬಗ್ಗೆಯಲ್ಲ, ಆ ಮುಚ್ಚಿಡುವಿಕೆಯ ಬಗ್ಗೆ. ಕೆಲಸ ಹೋದೀತೆಂಬ ಭಯದಿಂದಲೋ, ಎಳೆಯ ವಯಸ್ಸಿಗೇ ನರೆ ಬಂದ ನೋವಿನಿಂದಲೋ ಬಣ್ಣ ಹಚ್ಚುವವರನ್ನು ಸಭೆಯಲ್ಲಿ ಯಾರೂ ಈ ವಚನಗಳಿಂದ ಅಳೆಯಬಾರದು.

ಕೊಳ್ಳುವವರು 48 ಗಂಟೆಯ ಪರೀಕ್ಷೆಯನ್ನು ಪ್ರತಿ ಸಲವೂ ಮಾಡಲಿ. ಒಮ್ಮೆ ಊತ ಬಂದರೆ ಮತ್ತೆ ಮುಟ್ಟದೆ ವೈದ್ಯರನ್ನು ಕಾಣಲಿ. ನನ್ನ ತಲೆಯಲ್ಲಿ ಈಗ ಬುಡದಿಂದ ನಾಲ್ಕು ಬೆರಳು ಅಗಲ ಬಿಳಿ, ಅದರಾಚೆ ಹಳೆಯ ಕಪ್ಪು. ತಿಂಗಳಿಗೊಮ್ಮೆ ತುದಿಯನ್ನು ಕತ್ತರಿಸಿಕೊಳ್ಳುತ್ತಿದ್ದೇನೆ.